ದೇವಯಾನಿಗೆ ಬಾಕಿ ಇರುವ ಎರಡು ವೋಟು

ದೇವಯಾನಿಗೆ ನಾನು ಮೂರು ವೋಟು ಬಾಕಿ ಇದ್ದೆ. ಒಂದನ್ನು ತೀರಿಸಿದ್ದೇನೆ, ಎರಡು ಇನ್ನೂ ಕೊಡಬೇಕು. ದುಡ್ಡಿನ ಸಾಲವಾಗಿದ್ದರೆ ಯಾರ ಹತ್ತಿರವಾದರೂ ಕೈಸಾಲ ಎತ್ತಿ ತಂದು ಅವಳ ಮಡಿಲಿಗೆ ಸುರಿದು ನೆಮ್ಮದಿಯಾಗಿ ಮಲಗುತ್ತಿದ್ದೆ. ವೋಟಿನ ಸಾಲಕ್ಕೆ ಆ ಸೌಕರ್ಯವಿಲ್ಲ.

ಕೊಲ್ಲಂನಿಂದ ಕುಂಡರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಗೇರುಬೀಜದ ಫ್ಯಾಕ್ಟರಿ. ಮಾಲೀಕ ಬೀಗ ಹಾಕಿ ಓಡಿಹೋದ ಮೇಲೆ ನಾವೇ ಸಹಕಾರಿ ಸಂಘ ಕಟ್ಟಿ ನಡೆಸಿಕೊಂಡು ಬಂದದ್ದು. ಸದಸ್ಯರು ನಾನೂರ ಹನ್ನೆರಡು ಜನ. ಅದರಲ್ಲಿ ಹೆಂಗಸರೇ ಮುನ್ನೂರೆಂಬತ್ತು. ಉಳಿದ ಗಂಡಸರು ನಾವು ಮೂಟೆ ಹೊರುವವರು, ಬೀಜ ಹುರಿಯುವವರು, ಡಬ್ಬಕ್ಕೆ ಬೆಸುಗೆ ಹಾಕುವವರು, ಮತ್ತೆ ಭಾಷಣ ಮಾಡುವವರು. ನಾನು ಹುರಿಯುವ ಒಲೆಯ ಮುಂದೆ ಶುರು ಮಾಡಿ ಭಾಷಣಕ್ಕೆ ಬಡ್ತಿ ಪಡೆದವನು.

ದೇವಯಾನಿ ವಿಂಗಡಣೆಯ ಬೆಂಚಿನವಳು. ಸಿಪ್ಪೆ ತೆಗೆದ ಬೀಜವನ್ನು ಗಾತ್ರ ಮತ್ತು ಬಣ್ಣ ನೋಡಿ ಬೇರೆ ಬೇರೆ ಬುಟ್ಟಿಗೆ ಹಾಕುವ ಕೆಲಸ. ಹದಿಮೂರನೇ ವಯಸ್ಸಿಗೆ ಆ ಬೆಂಚಿಗೆ ಬಂದಾಗಲೇ ಅವಳ ಕಿವಿ ಅರ್ಧ ಮಂದ. ಮದುವೆಯ ಹೊತ್ತಿಗೆ ಪೂರ್ತಿ ಹೋಗಿತ್ತು. ನಾದಸ್ವರ ಊದಿದ್ದು ಗೊತ್ತಾಗಲಿಲ್ಲ, ಊದುವವನ ಕೆನ್ನೆ ನೋಡಿ ನಕ್ಕೆ ಎಂದು ಅವಳೇ ಹೇಳುತ್ತಾಳೆ. ಗಂಡ ಎರಡು ವರ್ಷ ಇದ್ದು ಮೀನಿನ ದೋಣಿ ಹತ್ತಿ ನೀಂಡಕರೆಯ ಕಡೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಕಣ್ಣಿನ ಸರದಿ ಮೂವತ್ತು ದಾಟಿದ ಮೇಲೆ. ಮೊದಲು ಸಂಜೆಯ ಹೊತ್ತು ಕಾಣಲಿಲ್ಲ, ಆಮೇಲೆ ಅಕ್ಕಪಕ್ಕದ್ದು ಕಾಣಲಿಲ್ಲ, ಕೊನೆಗೆ ಬಿದಿರಿನ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನ ಒಂದು ಚೂರು ಉಳಿಯಿತು. ಮೂವತ್ತೆಂಟಕ್ಕೆ ಅದೂ ಮುಚ್ಚಿತು.

ಮೇಸ್ತ್ರಿ ಅವಳನ್ನು ಮನೆಗೆ ಕಳಿಸಬೇಕೆಂದಿದ್ದ. ಅವಳು ಎದ್ದು ಹೋಗಲಿಲ್ಲ. ಪಕ್ಕದ ಬೆಂಚಿನ ಲೈಲಾಳ ಜೊತೆ ಒಂದು ಒಪ್ಪಂದ ಮಾಡಿಕೊಂಡಳು: ಗಾತ್ರ ನನ್ನದು, ಬಣ್ಣ ನಿನ್ನದು, ಕೂಲಿ ಅರ್ಧರ್ಧ. ಮೊದಲ ತಿಂಗಳಲ್ಲೇ ಇಬ್ಬರೂ ಸೇರಿ ಮೂವರ ಕೆಲಸ ತೆಗೆದರು. ಮೇಸ್ತ್ರಿ ಬಾಯಿ ಮುಚ್ಚಿಕೊಂಡ.

ಬಾಯಿ ಅವಳದು ಚೆನ್ನಾಗಿಯೇ ಇತ್ತು. ತನ್ನ ದನಿ ತನಗೆ ಕೇಳದ ಕಾರಣ, ಹಿನ್ನೀರಿನ ಆಚೆ ದಡದ ದೋಣಿಯವನನ್ನು ಕೂಗುವ ಹಾಗೆ ಮಾತಾಡುತ್ತಿದ್ದಳು. ಉತ್ತರ ಹೇಳುವವರು ಅವಳ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಬರೆಯಬೇಕು. ಲೈಲಾ ಎಷ್ಟು ಬೇಗ ಬರೆಯುತ್ತಿದ್ದಳೆಂದರೆ ಇಬ್ಬರೂ ಊಟದ ಹೊತ್ತಿನಲ್ಲಿ ಇಡೀ ಶೆಡ್ಡಿನ ಚಾಡಿ ಮುಗಿಸುತ್ತಿದ್ದರು. ಬೇರೆಯವರಿಗೆ ಕೇಳಿಸುತ್ತಿದ್ದುದು ದೇವಯಾನಿಯ ಅರ್ಧ ಮಾತ್ರ: "ಅಯ್ಯೋ, ಅವಳಾ? ಆ ಮುದುಕನ ಜೊತೆಗಾ?" ಇಡೀ ಶೆಡ್ ತಟ್ಟೆ ಕೆಳಗಿಟ್ಟು ಉಳಿದರ್ಧಕ್ಕಾಗಿ ಕಾಯುತ್ತಿತ್ತು. ಗುಟ್ಟಿನ ಮಾತಾದರೆ ಅವಳೂ ಬಾಯಿ ಬಿಡುತ್ತಿರಲಿಲ್ಲ, ಎದುರಿನವರ ಅಂಗೈ ಹಿಡಿದು ಬರೆಯುತ್ತಿದ್ದಳು.

ಜನರನ್ನು ಅವಳು ಕೈಯಿಂದಲೇ ಗುರುತಿಸುತ್ತಿದ್ದಳು. ಡಬ್ಬ ಬೆಸೆಯುವ ಬಾಹುಲೇಯನದು ಸೀಸ ಬಿದ್ದು ಸುಟ್ಟ ಹೆಬ್ಬೆರಳು. ನನ್ನದು ಸೊಟ್ಟ ಕಿರುಬೆರಳು. ಎಂಬತ್ತೆರಡರ ಮುಷ್ಕರದಲ್ಲಿ ಲಾಠಿ ಬಿದ್ದು ಮುರಿದದ್ದು, ಸರಿಯಾಗಿ ಕೂಡಲಿಲ್ಲ. ನನ್ನ ಸುದ್ದಿ ಬಂದಾಗ ಅವಳು ತನ್ನ ಕಿರುಬೆರಳು ಮಡಚಿ ತೋರಿಸುತ್ತಿದ್ದಳು. ತುಳಸೀಧರನ್ ಎನ್ನುವ ಅಷ್ಟುದ್ದದ ಹೆಸರು ಯಾರು ಬರೆಯುತ್ತಾರೆ.

ಅವಳು ಸಂಘದಿಂದ ಕೇಳಿದ್ದು ಒಂದೇ ಒಂದು: ಹಗ್ಗ. ಶೆಡ್ಡಿನಿಂದ ಕಕ್ಕಸಿಗೆ ನಲವತ್ತು ಹೆಜ್ಜೆ. ನಡುವೆ ಲಾರಿ ಹಿಂದೆ ಮುಂದೆ ಮಾಡುವ ಅಂಗಳ, ಒಂದು ಹಲಸಿನ ಬೇರು. ಗೂಟ ನೆಟ್ಟು ಸೊಂಟದೆತ್ತರಕ್ಕೆ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿದರೆ ಹಿಡಿದುಕೊಂಡು ಒಬ್ಬಳೇ ಹೋಗಿಬರುತ್ತೇನೆ ಎಂದಳು. ಹಗ್ಗವಿಲ್ಲದಿದ್ದರೆ ಪ್ರತಿ ಸಲವೂ ಲೈಲಾ ಏಳಬೇಕು, ಲೈಲಾ ಎದ್ದರೆ ಇಬ್ಬರ ಕೂಲಿಯೂ ನಿಲ್ಲುತ್ತದೆ. ಅದಕ್ಕೇ ದೇವಯಾನಿ ಬೆಳಿಗ್ಗೆ ಒಂದು ಲೋಟ ಕಪ್ಪು ಚಹಾ ಕುಡಿದರೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ನಾರಿನ ಹಗ್ಗಕ್ಕಿಂತ ಅಗ್ಗದ ವಸ್ತು ಇಲ್ಲ. ಆದರೂ ಅರ್ಜಿ ಒಂಬತ್ತು ವರ್ಷ ಫೈಲಿನಲ್ಲಿತ್ತು. ಫೈಲು ಇಟ್ಟುಕೊಂಡಿದ್ದವನು ಕಾರ್ಯದರ್ಶಿಯಾಗಿದ್ದ ನಾನು. ಬೋನಸ್ಸಿನ ಹೋರಾಟ ಮೊದಲು, ಹಗ್ಗ ಆಮೇಲೆ ಅಂದುಕೊಂಡಿದ್ದೆ. ಬೋನಸ್ಸಿನ ಹೋರಾಟ ಮುಗಿಯುವಂಥದ್ದಲ್ಲ.

ಇನ್ನು ವೋಟಿನ ಮಾತು. ಸಂಘದ ಚುನಾವಣೆ ಮೂರು ವರ್ಷಕ್ಕೊಮ್ಮೆ. ವಿಧಾನಸಭೆಯ ಚುನಾವಣೆಯಲ್ಲಿ ಕೈಕುಲುಕುವವರೂ ಇದರಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಕಣ್ಣು ಕಾಣದವರು, ಕೈ ನಡುಗುವವರು, ಓದಲು ಬಾರದವರು ಒಬ್ಬ ಸಹಾಯಕನನ್ನು ಜೊತೆಗೆ ಕರೆದುಕೊಂಡು ಹೋಗಬಹುದು ಎಂದು ನಿಯಮ. ಯಾರನ್ನು ಎಂದು ನಿಯಮದಲ್ಲಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ರೂಢಿ ಬಿದ್ದಿತ್ತು: ಗೇಟಿನಲ್ಲಿ ಯಾರು ಮೊದಲು ಮೊಣಕೈ ಹಿಡಿಯುತ್ತಾರೋ ಅವರೇ ಸಹಾಯಕರು. ಕೊಡೆ ಗುರುತಿನ ನಾವೂ, ದೋಣಿ ಗುರುತಿನ ಸದಾನಂದನ್ ಕಡೆಯವರೂ ಇದನ್ನು ಒಪ್ಪಿಕೊಂಡಿದ್ದೆವು. ಮೊಣಕೈ ವೋಟು ಎಂದೇ ಅದರ ಹೆಸರು. ಒಬ್ಬ ಅಜ್ಜಿಯ ಎಡ ಮೊಣಕೈ ನಾವು, ಬಲ ಮೊಣಕೈ ಅವರು ಹಿಡಿದು ಅವಳ ರವಿಕೆ ಹರಿದದ್ದೂ ಉಂಟು. ನನ್ನ ನೋಟ್‌ಬುಕ್ಕಿನಲ್ಲಿ ನಮ್ಮ ಮೊಣಕೈಗಳ ಪಟ್ಟಿ ಇತ್ತು, ಒಟ್ಟು ಇಪ್ಪತ್ತಾರು. ದೇವಯಾನಿಯದು ಏಳನೆಯದು.

ಮೊದಲೆರಡು ಚುನಾವಣೆಯಲ್ಲಿ ನಾನು ಅವಳನ್ನು ಕೇಳಲೂ ಇಲ್ಲ. ಒಳಗೆ ಕರೆದುಕೊಂಡು ಹೋದೆ, ಕೊಡೆಯ ಮೇಲೆ ಮುದ್ರೆ ಒತ್ತಿದೆ, ಹೊರಗೆ ತಂದು ಬಿಟ್ಟೆ. ಮೂರನೇ ಸಲ ಬೆಂಚಿನ ಮಾಲಿನಿ ತಾನೇ ಒಬ್ಬಳು ನಿಂತಳು, ಒನಕೆ ಗುರುತು. ಅವಳ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದೇ ಸಾಲು, ಕಕ್ಕಸಿಗೆ ಹಗ್ಗ. ನಾವೆಲ್ಲ ನಕ್ಕೆವು. ಅವತ್ತು ಲೈಲಾ ಸಾಲಿನಲ್ಲಿ ಮುಂದೆ ಹೋಗಿದ್ದಳು, ನಾನು ರೂಢಿಯಂತೆ ಮೊಣಕೈ ಹಿಡಿದೆ. ಪರದೆಯ ಹಿಂದೆ ದೇವಯಾನಿ ನನ್ನ ಅಂಗೈ ಬಿಡಿಸಿ ನಿಧಾನವಾಗಿ ಒನಕೆ ಎಂದು ಬರೆದಳು. ನಾನು ಅವಳ ಕೈಯನ್ನು ಮೆಲ್ಲಗೆ ತಟ್ಟಿ ಆಯಿತೆಂದು ತಿಳಿಸಿ, ಕೊಡೆಗೆ ಒತ್ತಿದೆ.

ಎಣಿಕೆಯಲ್ಲಿ ಮಾಲಿನಿಗೆ ಬಂದದ್ದು ಎರಡು ವೋಟು.

ಮಾಲಿನಿ ಅಳುವ ಜಾತಿಯಲ್ಲ. ತನಗೆ ವೋಟು ಹಾಕಿದವರಿಗೆಲ್ಲ ಚಹಾ ಕೊಡಿಸಿಯೇ ಹೋಗುತ್ತೇನೆ ಎಂದು ಗೇಟಿನ ಎದುರಿನ ಅಂಗಡಿಗೆ ಬಂದಳು. ಲೈಲಾಳ ಜೊತೆ ದೇವಯಾನಿಯೂ ಬಂದು ಕೂತಳು. ಅಂಗಡಿ ತುಂಬಾ ಗೆದ್ದವರು, ಸೋತವರು. ನಾನು ಗೆದ್ದವರ ಬೆಂಚಿನಲ್ಲಿ ಬಾಳೆಹಣ್ಣಿನ ಬೋಂಡಾ ಕಚ್ಚುತ್ತಿದ್ದೆ. ಲೈಲಾ ಅಂಗೈಯಲ್ಲಿ ಎರಡು ಎಂದು ಬರೆದಳು. ದೇವಯಾನಿ ಇನ್ನೊಂದು ಸಲ ಬರೆ ಎಂದಳು. ಲೈಲಾ ಮತ್ತೆ ಬರೆದಳು.

"ಮಾಲಿನೀದೊಂದು, ಲೈಲಾಂದೊಂದು, ನಂದೊಂದು," ದೇವಯಾನಿ ಆಚೆ ದಡಕ್ಕೆ ಕೂಗಿದಳು. "ಮೂರಾಗ್ಬೇಕಲ್ಲ?"

ಅಂಗಡಿಯಲ್ಲಿದ್ದ ನಲವತ್ತು ಜನ ನನ್ನ ಕಡೆ ತಿರುಗಿದರು. ಬೋಂಡಾ ಬಿಸಿ ಇತ್ತು, ಉಗುಳುವ ಹಾಗಿರಲಿಲ್ಲ, ನುಂಗುವ ಹಾಗೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಲೈಲಾ ಅವಳನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ತಂದು ಕೂರಿಸಿದಳು. ನನ್ನ ಹೆಂಡತಿ ಮರಗೆಣಸು, ಬೂತಾಯಿ ಮೀನಿನ ಸಾರು ತಂದಿಟ್ಟಳು. ದೇವಯಾನಿ ಮೊದಲು ಅದನ್ನು ಪೂರ್ತಿ ತಿಂದಳು. ಕೈ ತೊಳೆದು, ಒರೆಸಿಕೊಂಡು, ನನ್ನ ಬಲಗೈ ಕೇಳಿದಳು. ಕಿರುಬೆರಳು ಹುಡುಕಿ ಹಿಡಿದಳು.

"ಎಡಾ ತುಳಸೀ, ಈ ಬೆರಳು ಮುರಿದಾಗ ಆಸ್ಪತ್ರೆಗೆ ಗಂಜಿ ತಂದುಕೊಟ್ಟವಳು ನಾನು. ಈ ಕೈಯಲ್ಲೇ ಕದ್ದೆಯಲ್ಲ."

ನಾನು ಅವಳ ಅಂಗೈಯಲ್ಲಿ ಪಕ್ಷಕ್ಕಾಗಿ ಎಂದು ಬರೆದೆ. ನಾಚಿಕೆಯಿಲ್ಲದೆ ಬರೆದೆ. ಆ ಹೊತ್ತಿಗೆ ಅದು ನಿಜವೆಂದೇ ನಂಬಿದ್ದೆ.

"ಪಕ್ಷ ಬಂದು ನನ್ನನ್ನ ಕಕ್ಕಸಿಗೆ ಕರ್ಕೊಂಡು ಹೋಗುತ್ತಾ?" ಎಂದಳು. ಒಳಗೆ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ದೇವಯಾನಿ ಕ್ಷಮೆ ಕೇಳಿಸಿಕೊಳ್ಳಲು ಬಂದಿರಲಿಲ್ಲ. ಲೆಕ್ಕ ಹೇಳಲು ಬಂದಿದ್ದಳು. ಎರಡು ಸಲ ಕೇಳದೆ ಒತ್ತಿದೆ, ಒಂದು ಸಲ ಕೇಳಿ ಮೋಸ ಮಾಡಿದೆ, ಒಟ್ಟು ಮೂರು ಬಾಕಿ. ಮುಂದಿನ ಸಲ ಸಹಾಯಕ ಬೇಡ, ಲೈಲಾಳೂ ಬೇಡ, ತಗಡು ಬೇಕು. ಬೆಂಚಿಗೆ ಬರುವ ಹೊಸ ಹುಡುಗಿಯರಿಗೆ ಬೀಜದ ಗಾತ್ರ ಕಲಿಸಲು ನಮ್ಮಲ್ಲಿ ತೂತು ಕೊರೆದ ಒಂದು ತಗಡು ಇದೆ. ಅಂಥದ್ದೇ ಒಂದು ವೋಟಿನ ಚೀಟಿಯ ಅಳತೆಗೆ ಮಾಡಬೇಕು. ಒಂದೊಂದು ಹೆಸರಿನ ಎದುರು ಒಂದೊಂದು ತೂತು. ತೂತಿನ ಪಕ್ಕ ಮೊಳೆಯಿಂದ ಒಂದು ಉಬ್ಬು, ಎರಡು ಉಬ್ಬು, ಹೀಗೆ. ಹೆಸರುಗಳ ಸಾಲು ಲೈಲಾ ಹೊರಗೇ ಅಂಗೈಯಲ್ಲಿ ಬರೆದುಕೊಡುತ್ತಾಳೆ. ಒಳಗೆ ತಾನು, ತಗಡು, ಮುದ್ರೆ, ಇಷ್ಟೇ.

ನಾನು ಒಪ್ಪಿದೆ. ಪಶ್ಚಾತ್ತಾಪದಿಂದ ಮಾತ್ರ ಅಲ್ಲ. ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಾನೇ ನಿಲ್ಲುವವನಿದ್ದೆ. ಚಹಾದಂಗಡಿಯ ಮಾತು ತೊಳೆದುಹೋಗಬೇಕಿತ್ತು. ಜೊತೆಗೆ, ತಗಡು ಮಾಡಿಸಿಕೊಟ್ಟವನಿಗೆ ದೇವಯಾನಿ ವೋಟು ಹಾಕದೆ ಇರುತ್ತಾಳಾ ಎಂಬ ಲೆಕ್ಕವೂ ಇತ್ತು.

ಚುನಾವಣಾಧಿಕಾರಿ ಪಿಳ್ಳೆ ಸಾರ್ ಸಹಕಾರ ಇಲಾಖೆಯಿಂದ ಬಂದವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ತಗಡಿಗೆ ನಿಯಮದಲ್ಲಿ ಅವಕಾಶವಿಲ್ಲ ಎಂದು ನನಗೆ ಹೇಳಿದರು. ನನಗಲ್ಲ, ಅರ್ಜಿದಾರಳಿಗೆ ಹೇಳಿ ಎಂದೆ. ದೇವಯಾನಿ ಅವರ ಮೇಜಿನ ಮುಂದೆ ಕೂತು ಅಂಗೈ ಚಾಚಿದಳು. ಪಿಳ್ಳೆ ಸಾರ್ ಅಂಗೈ ನೋಡಿದರು, ನನ್ನನ್ನು ನೋಡಿದರು, ಫ್ಯಾನ್ ನೋಡಿದರು. ಪರಸ್ತ್ರೀಯ ಕೈ ಮುಟ್ಟಿ ಬರೆಯುವ ಸಂಗತಿ ಅವರ ಸರ್ವೀಸಿನಲ್ಲಿ ಬಂದಿರಲಿಲ್ಲ. ಲೈಲಾ ಬರೆಯಬಾರದೇ ಎಂದು ಕೇಳಿದರು. ಲೈಲಾ ತನಗೆ ಬೆರಳು ನೋವು ಎಂದಳು. ಅವಳು ಅಂಥ ಹೆಂಗಸು.

ಹತ್ತು ನಿಮಿಷದ ಮೇಲೆ ಪಿಳ್ಳೆ ಸಾರ್ ತೋರುಬೆರಳಿನ ತುದಿಯಿಂದ, ಬಿಸಿ ತವಾ ಮುಟ್ಟುವವರ ಹಾಗೆ, ಇಲ್ಲ ಎಂದು ಬರೆದರು.

"ಸಾರ್ ಬೆರಳು ನಡುಗ್ತಾ ಇದೆ," ದೇವಯಾನಿ ಎಂದಳು, ಇಡೀ ಆಫೀಸಿಗೆ ಕೇಳುವಂತೆ. "ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಬರೀರಿ."

ಇನ್ನೊಂದು ಸಲ ಬರೆದರು. ಅದೂ ಅರ್ಥವಾಗಲಿಲ್ಲ. ಬಾಗಿಲಲ್ಲಿ ವಿಂಗಡಣೆಯ ಹೆಂಗಸರು ಗುಂಪುಗೂಡಿದ್ದರು. ಎಷ್ಟು ಹೊತ್ತಾದರೂ ಆಗಲಿ, ಸಾರ್ ಏನು ಬರೆಯುತ್ತಾರೋ ಓದಿಯೇ ಏಳುತ್ತೇನೆ ಎಂದಳು ದೇವಯಾನಿ. ಹನ್ನೊಂದಕ್ಕೆ ಕೂತವಳು ಮೂರೂವರೆಯವರೆಗೂ ಕೂತಳು. ನಾನು ಜೀವಮಾನದಲ್ಲಿ ಎಷ್ಟೋ ಘೇರಾವ್ ಮಾಡಿದ್ದೇನೆ. ಒಂದು ಅಂಗೈಯಿಂದ ಮಾಡಿದ ಘೇರಾವ್ ಅದೊಂದೇ. ಕೊನೆಗೆ ಪಿಳ್ಳೆ ಸಾರ್ ಬರೆದದ್ದು ಮೊದಲ ಸಲಕ್ಕೇ ಅರ್ಥವಾಯಿತು: ಆಗಲಿ.

ಆಮೇಲೆ ಅವಳು ಇನ್ನೊಂದು ಮಾತು ಎತ್ತಿದಳು. ಚೀಟಿಯ ತಲೆ ಯಾವುದು, ಬುಡ ಯಾವುದು ಎಂದು ತನಗೆ ತಿಳಿಯಬೇಕಾದರೆ ಮೇಲಿನ ಬಲ ಮೂಲೆ ಕತ್ತರಿಸಿರಬೇಕು. ಪಿಳ್ಳೆ ಸಾರ್ ಸುಸ್ತಾಗಿದ್ದರು, ನಿಮ್ಮ ಚೀಟಿಯ ಮೂಲೆ ಕತ್ತರಿಸಿಕೊಡುತ್ತೇನೆ ಎಂದು ಬರೆದರು.

"ನಂದೊಂದೇ ಕತ್ತರಿಸಿದ್ರೆ ಎಣಿಸುವಾಗ ಎಲ್ರಿಗೂ ಗೊತ್ತಾಗಲ್ವಾ, ಇದು ದೇವಯಾನೀದು ಅಂತ? ನಾನೂರ ಹನ್ನೆರಡಕ್ಕೂ ಕತ್ತರಿಸ್ಬೇಕು."

ಅವರು ಜೇಬಿನ ಎರಡೂ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಜವಾನನನ್ನು ಕರೆದು ಕತ್ತರಿ ತರಲು ಹೇಳಿದರು. ಒಂದು ಮಾತು ಒಪ್ಪಬೇಕು, ಆ ಮನುಷ್ಯ ಅರ್ಧದಷ್ಟು ಚೀಟಿಗಳ ಮೂಲೆಯನ್ನು ತಾನೇ ಕತ್ತರಿಸಿದ.

ತಗಡು ಮಾಡಿದವನು ಬಾಹುಲೇಯನ್. ಬೀಜ ತುಂಬುವ ಡಬ್ಬದ ಮುಚ್ಚಳ ಕತ್ತರಿಸಿ, ಅಂಚು ಮಡಚಿ, ಐದು ಅಭ್ಯರ್ಥಿಗಳಿಗೆ ಐದು ತೂತು ಕೊರೆದು ನೀಟಾಗಿ ಮಾಡಿದ್ದ. ದೋಣಿ ಮೊದಲನೆಯದು, ಕೊಡೆ ಮೂರನೆಯದು, ಒನಕೆ ಐದನೆಯದು. ಊಟದ ಹೊತ್ತಿನಲ್ಲಿ ಬೆಂಚಿಗೆ ತಂದುಕೊಟ್ಟೆವು. ದೇವಯಾನಿ ಮೊದಲು ಅಂಚು ಸವರಿದಳು, ಉಬ್ಬು ಎಣಿಸಿದಳು. ಆಮೇಲೆ ಹೆಬ್ಬೆರಳನ್ನು ಒಂದೊಂದು ತೂತಿನಲ್ಲಿ ಇಟ್ಟು ತಿರುಗಿಸಿದಳು. ಮೂರನೆಯದರಲ್ಲಿ ನಿಂತಳು. ಮತ್ತೆ ಎರಡಕ್ಕೆ ಹೋದಳು, ಮತ್ತೆ ಮೂರಕ್ಕೆ ಬಂದಳು.

"ಲೈಲಾ, ಉಳಿದದ್ದೆಲ್ಲ ಮುನ್ನೂರಿಪ್ಪತ್ತರ ಬೀಜ. ಇದೊಂದು ಇನ್ನೂರ ನಲವತ್ತು."

ನಮ್ಮ ಕಸುಬಿನಲ್ಲಿ ಒಂದು ತೂಕಕ್ಕೆ ಎಷ್ಟು ಬೀಜ ಎನ್ನುವುದೇ ದರ್ಜೆಯ ಹೆಸರು. ಅಂಕಿ ಸಣ್ಣದಾದಷ್ಟೂ ಬೀಜ ದೊಡ್ಡದು. ಬೆಂಚಿನ ಹೆಂಗಸರೆಲ್ಲ ಒಟ್ಟಿಗೆ ಬಾಹುಲೇಯನನ್ನು ನೋಡಿದರು. ಅವನು ನನ್ನನ್ನು ನೋಡಿದ. ನನಗೆ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಮ್ಮ ಕೊಡೆಗೆ ಮುದ್ರೆ ಒತ್ತಲು ಸ್ವಲ್ಪ ಜಾಗ ಹೆಚ್ಚಿರಲಿ, ತಪ್ಪಿ ಪಕ್ಕಕ್ಕೆ ಹೋಗದಿರಲಿ ಎಂದು ಅಭಿಮಾನದಿಂದ ಒಂದು ಕೂದಲಿನಷ್ಟು ಅಗಲ ಮಾಡಿದ್ದನಂತೆ.

"ಬಾಹುಲೇಯಾ, ಮೂವತ್ತು ವರ್ಷದಿಂದ ನಾನು ತಿನ್ನೋ ಅನ್ನ ಈ ಹೆಬ್ಬೆರಳಿಂದು," ಎಂದಳು ದೇವಯಾನಿ. "ಇದಕ್ಕೇ ಟೋಪಿ ಹಾಕ್ತೀಯಾ?"

ಬಾಹುಲೇಯನ್ ಹೊಸ ತಗಡು ಮಾಡಿದ. ಅದನ್ನು ವಿಂಗಡಣೆಯ ಆರು ಜನ ಹೆಂಗಸರು ಕಣ್ಣು ಮುಚ್ಚಿಕೊಂಡು ಪರೀಕ್ಷೆ ಮಾಡಿದ ಮೇಲೇ ಪಿಳ್ಳೆ ಸಾರ್ ಮೇಜಿಗೆ ಹೋದದ್ದು.

ಚುನಾವಣೆಯ ದಿನ ದೇವಯಾನಿ ಬಂಗಾರದ ಜರಿಯ ಕಸವು ಅಂಚಿನ ಮುಂಡು ಉಟ್ಟು ಬಂದಳು. ಗೇಟಿನಲ್ಲಿ ಅಭ್ಯಾಸಬಲದಿಂದ ಇಬ್ಬರು ಅವಳ ಕಡೆ ಕೈ ಚಾಚಿದರು. ಲೈಲಾ ಕೊಡೆಯ ಹಿಡಿಕೆಯಿಂದ ಇಬ್ಬರ ಮಣಿಕಟ್ಟಿಗೂ ಒಂದೊಂದು ಕೊಟ್ಟಳು. ದೇವಯಾನಿ ಒಬ್ಬಳೇ ಪರದೆಯ ಹಿಂದೆ ಹೋದಳು. ಐದು ನಿಮಿಷವಾಯಿತು, ಏಳಾಯಿತು. ಸಾಲಿನಲ್ಲಿದ್ದವರು ಒಳಗೆ ಅನ್ನಕ್ಕೆ ಇಟ್ಟಿದ್ದಾಳಾ ಎಂದು ಗೊಣಗಿದರು. ಅವಳು ಹೊರಬಂದಳು. ಮಡಚಿದ ಚೀಟಿ ಮೂಗಿನ ಹತ್ತಿರ ಹಿಡಿದಿದ್ದಳು. ಶಾಯಿಯ ವಾಸನೆ ನೋಡಿ, ಬಿದ್ದಿದೆ ಎಂದು ಖಾತ್ರಿ ಮಾಡಿಕೊಂಡು, ಪೆಟ್ಟಿಗೆಯ ಸೀಳು ಬೆರಳಿನಿಂದ ಹುಡುಕಿ ಹಾಕಿದಳು. ಮುಖದಲ್ಲಿ ಏನೂ ಇರಲಿಲ್ಲ. ಅಂಥ ಮುಖವನ್ನು ನಾನು ಮಾತುಕತೆಯ ಮೇಜಿನಲ್ಲಿ ಮಾಲೀಕರ ವಕೀಲರಲ್ಲಿ ಮಾತ್ರ ನೋಡಿದ್ದೆ.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಅಧ್ಯಕ್ಷನಾಗುತ್ತಿದ್ದೆ. ಪೊರೆ ಬಂದ ಕಣ್ಣಿನ ಗೌರಿಕುಟ್ಟಿ ಅಜ್ಜಿ ಸಾಲಿನಲ್ಲಿ ದೇವಯಾನಿಯ ಹಿಂದೆಯೇ ಇದ್ದಳು. ನಮ್ಮ ಪಟ್ಟಿಯ ಹನ್ನೊಂದನೇ ಮೊಣಕೈ. ನಮ್ಮ ಹುಡುಗ ಹಿಡಿಯಲು ಹೋದರೆ ಅವಳು ಕೊಡವಿಕೊಂಡು, ಪಿಳ್ಳೆ ಸಾರನ್ನು ಕೇಳಿದಳು, "ಆ ತಗಡು ಅವಳಿಗೆ ಮಾತ್ರಾನಾ? ನಂಗೂ ಕೊಡು ಮಗನೇ." ಕೊಡಬಾರದೆಂದು ನಿಯಮದಲ್ಲಿರಲಿಲ್ಲ. ಅವಳ ಹಿಂದೆ ಕೈ ನಡುಗುವವಳು, ಅವಳ ಹಿಂದೆ ಓದಲು ಬಾರದವಳು. ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಎರಡೂ ಪಕ್ಷದವರು ಕೆಲಸವಿಲ್ಲದೆ ಒಂದೇ ಬೆಂಚಿನಲ್ಲಿ ಕೂತು ಬೀಡಿ ಹಂಚಿಕೊಳ್ಳುತ್ತಿದ್ದರು.

ನಾನು ಹನ್ನೊಂದು ವೋಟಿನಿಂದ ಸೋತೆ. ಸದಾನಂದನ್ ಗೆದ್ದ. ಒನಕೆಯ ಮಾಲಿನಿಗೆ ಇಪ್ಪತ್ತಮೂರು ಬಂತು. ಆ ಇಪ್ಪತ್ತಮೂರು ಮುಂದಿನ ಸಲ ತನ್ನ ಕಡೆ ಬರಲಿ ಎಂದು ಸದಾನಂದನ್ ಹದಿನೈದು ದಿನದೊಳಗೆ ಹಗ್ಗ ಕಟ್ಟಿಸಿದ. ಕಟ್ಟುವಾಗ ಫೋಟೋ ತೆಗೆಸಿಕೊಂಡ. ಇರಲಿ. ದೇವಯಾನಿ ಈಗ ದಿನಕ್ಕೆ ನಾಲ್ಕು ಲೋಟ ನೀರು ಕುಡಿಯುತ್ತಾಳೆ. ಹುರಿಯುವ ಗಂಡಸರು ಹಗ್ಗದ ಮೇಲೆ ಬಟ್ಟೆ ಒಣಹಾಕಿದಾಗೆಲ್ಲ ನಲವತ್ತು ಹೆಜ್ಜೆಯ ಉದ್ದಕ್ಕೂ ಅವಳ ದನಿ ಕೇಳಿಸುತ್ತದೆ, ಇದು ಯಾರ ಚಡ್ಡಿ ಎಂದು. ಯಾರೂ ಒಪ್ಪಿಕೊಳ್ಳುವುದಿಲ್ಲ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಚರಂಡಿಗೆ ಹಾಕುತ್ತಾಳೆ.

ಸೋತ ವಾರ ನಾನು ಅವಳ ಬೆಂಚಿನ ಪಕ್ಕ ಕೂತು ಅಂಗೈ ಕೇಳಿದೆ. ಯಾರಿಗೆ ಹಾಕಿದೆ ಎಂದು ಬರೆಯಲು ಶುರು ಮಾಡಿದೆ. ಅರ್ಧ ಬರೆಯುವಷ್ಟರಲ್ಲಿ ಅವಳು ನನ್ನ ಬೆರಳಿನ ಮೇಲೆಯೇ ಮುಷ್ಟಿ ಮುಚ್ಚಿದಳು. ಎಳೆದುಕೊಳ್ಳಲು ಆಗಲಿಲ್ಲ, ಅಷ್ಟು ಬಲ.

"ಮೂರು ಬಾಕಿ ಇಟ್ಕೊಂಡೋನು ನಾಲ್ಕನೇದರ ಲೆಕ್ಕ ಕೇಳ್ತಾನೆ ನೋಡೆ ಲೈಲಾ."

ಮುಷ್ಟಿ ಬಿಡುವ ಮೊದಲು ಬಾಕಿ ತೀರಿಸುವ ದಾರಿಯನ್ನೂ ಅವಳೇ ಹೇಳಿದಳು. ಕದ್ದ ಒಂದೊಂದು ವೋಟಿಗೆ ಒಂದೊಂದು ಸಂಘ. ಬೇರೆ ಮೂರು ಸಂಘಗಳ ಚುನಾವಣೆಯಲ್ಲಿ ತಗಡು ಇಡಿಸಬೇಕು, ಎಲ್ಲ ಚೀಟಿಗಳ ಮೂಲೆ ಕತ್ತರಿಸುವಂತೆ ಮಾಡಬೇಕು. ಅಲ್ಲಿಯವರೆಗೆ ತನ್ನ ಅಂಗೈಯಲ್ಲಿ ನಾನು ರಾಜಕೀಯ ಬರೆಯುವ ಹಾಗಿಲ್ಲ. ಕಳೆದ ವರ್ಷ ನಮ್ಮೂರಿನ ಹಾಲಿನ ಸಂಘದಲ್ಲಿ ಜಗಳವಾಡಿ, ಎರಡು ಮಹಾಸಭೆ ಕೆಡಿಸಿ, ಮೂರನೆಯದರಲ್ಲಿ ಒಪ್ಪಿಸಿದೆ. ಅಲ್ಲಿ ಕಣ್ಣು ಕಾಣದ ಸದಸ್ಯರು ನಾಲ್ಕು ಜನ, ತಗಡು ಕೇಳಿ ಪಡೆದವರು ಹತ್ತೊಂಬತ್ತು ಜನ. ಹಗ್ಗ ನೇಯುವವರ ಸಂಘವೂ ಮೀನುಗಾರರ ಸಂಘವೂ ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದು ಬರೆದು ಕಳಿಸಿವೆ. ಅಂಥವರು ಇದ್ದಾರೆ. ಅವರ ಮೊಣಕೈ ಯಾರದೋ ನೋಟ್‌ಬುಕ್ಕಿನಲ್ಲಿದೆ.

ನೀವು ಓದುತ್ತಿದ್ದೀರಿ, ನೀವೂ ಯಾವುದೋ ಸಂಘದ ಸದಸ್ಯರಾಗಿರುತ್ತೀರಿ: ಹಾಲಿನದು, ಮನೆಯದು, ನೌಕರರದು. ಮುಂದಿನ ಮಹಾಸಭೆ ಯಾವಾಗ ಎಂದು ಇವತ್ತೇ ಕೇಳಿಕೊಳ್ಳಿ. ಆ ದಿನ ಎದ್ದು ನಿಂತು, ತೂತಿನ ತಗಡು ಎಲ್ಲಿದೆ, ಚೀಟಿಗಳ ಮೂಲೆ ಯಾಕೆ ಕತ್ತರಿಸಿಲ್ಲ ಎಂದು ಕೇಳಿ. ಉತ್ತರ ಬರುವವರೆಗೆ ಕೂರಬೇಡಿ. ಚುನಾವಣೆಯ ದಿನ ಗೇಟಿನಲ್ಲಿ ನಿಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ.